ಅರ್ಜಿ ಬರೆದುಕೊಡುವವರಿಗೆ ಸನ್ಮಾನವೋ, ನಟರಿಗೆ ವೇದಿಕೆಯೋ?

ಪ್ರಶ್ನೆ

ಮಾನ್ಯರೇ,

ನಾನು ಒಂದು ಸಣ್ಣ ಸ್ವಯಂಸೇವಾ ಸಂಘದ ಕಾರ್ಯದರ್ಶಿ. ನಮ್ಮ ಸಂಘಕ್ಕೆ ಈ ವರ್ಷ 25 ತುಂಬುತ್ತದೆ. ಆ ನೆಪದಲ್ಲಿ ಒಂದು ಸಮಾರಂಭ ನಡೆಸಿ, ಜನರಿಗೆ ನೆರವಾದ ಒಬ್ಬರನ್ನು ಸನ್ಮಾನಿಸಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಯಾರನ್ನು ಎಂಬಲ್ಲಿ ಮಾತ್ರ ಸಮಿತಿ ಎರಡು ಹೋಳಾಗಿದೆ. ಮೂರು ಸಭೆ ನಡೆದರೂ ಬಗೆಹರಿಯದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ಅರ್ಧದಷ್ಟು ಸದಸ್ಯರು ಒಬ್ಬ ಚಿತ್ರನಟರ ಹೆಸರು ಹೇಳುತ್ತಾರೆ. ಅವರು ಆಗಾಗ ದಾನ ಮಾಡುತ್ತಾರೆ ಎಂಬುದು ನಿಜ; ಆ ದಾನದ ಒಂದೊಂದು ವಿಡಿಯೊ ಕೂಡ ನಮ್ಮೆಲ್ಲರ ಫೋನಿಗೆ ಬಂದಿದೆ ಎಂಬುದೂ ನಿಜ. ಅವರು ಬಂದರೆ ಸಭಾಂಗಣ ತುಂಬುತ್ತದೆ, ಸಂಘದ ಹೆಸರು ನಾಲ್ಕು ಜನರ ಕಿವಿಗೆ ಬೀಳುತ್ತದೆ, ಹೊಸ ದಾನಿಗಳು ಸಿಗುತ್ತಾರೆ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಅವರ ಕಚೇರಿಯಿಂದ ಬಂದ ಪತ್ರವನ್ನು ಓದಿದ ಮೇಲೆ ನನ್ನ ಮನಸ್ಸು ಹಿಂಜರಿಯುತ್ತಿದೆ. ಬ್ಯಾನರಿನಲ್ಲಿ ಅವರ ಭಾವಚಿತ್ರ ಯಾವ ಅಳತೆಯಲ್ಲಿರಬೇಕು, ವೇದಿಕೆಯಲ್ಲಿ ಅವರ ಪಕ್ಕ ಎಷ್ಟು ಜನ ಕೂರಬಹುದು, ವಿಡಿಯೊ ಮೊದಲು ಯಾರ ಖಾತೆಯಲ್ಲಿ ಪ್ರಕಟವಾಗಬೇಕು, ಮುಂದಿನ ಚಿತ್ರದ ಪ್ರಸ್ತಾಪ ಎಲ್ಲಿ ಬರಬೇಕು ಎಂದೆಲ್ಲ ಅದರಲ್ಲಿದೆ. ನಿಮ್ಮ ಸಂಘ ಏನು ಕೆಲಸ ಮಾಡುತ್ತದೆ ಎಂದು ಕೇಳುವ ಒಂದೇ ಒಂದು ಸಾಲು ಇಲ್ಲ.

ಉಳಿದವರು ಸೂಚಿಸುತ್ತಿರುವುದು ನಿವೃತ್ತ ಗುಮಾಸ್ತೆಯೊಬ್ಬರನ್ನು. ಅವರು 19 ವರ್ಷಗಳಿಂದ ಒಂದು ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ಓದುಬರಹ ಬಾರದವರಿಗೆ ಪಿಂಚಣಿಯ ಅರ್ಜಿ, ಮರಣ ಪ್ರಮಾಣಪತ್ರದ ಅರ್ಜಿ, ಅಂಗವಿಕಲರ ಭತ್ಯೆಯ ಅರ್ಜಿಗಳನ್ನು ಬರೆದುಕೊಡುತ್ತಿದ್ದಾರೆ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅರ್ಜಿ ಬರೆದು ಮುಗಿಸಿದ ಮೇಲೆ ಒಂದು ಸಣ್ಣ ಚೀಟಿಯಲ್ಲಿ ದಿನಾಂಕ, ಸ್ವೀಕೃತಿ ಸಂಖ್ಯೆ, ಮತ್ತೆ ಯಾವ ದಿನ ಯಾವ ಕಿಟಕಿಗೆ ಬಂದು ವಿಚಾರಿಸಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು ಕೈಗಿಡುತ್ತಾರೆ. ಓದಲು ಬಾರದವರಿಗೆ ಚೀಟಿ ಏಕೆ ಎಂದು ನಾನೊಮ್ಮೆ ಕೇಳಿದ್ದೆ. "ಅವರು ಓದುವುದಕ್ಕಲ್ಲ, ಕಿಟಕಿಯಲ್ಲಿ ತೋರಿಸುವುದಕ್ಕೆ. ಚೀಟಿ ಕೈಯಲ್ಲಿದ್ದರೆ ಒಳಗಿರುವವರು ನಾಳೆ ಬಾ ಎಂದು ಸುಮ್ಮನೆ ಕಳುಹಿಸುವುದಿಲ್ಲ" ಎಂದರು.

ಅವರನ್ನು ಕೇಳಿದಾಗ ಸನ್ಮಾನ ಬೇಡವೆಂದರು. ನಾಚಿಕೆಯಿಂದ ಹೇಳಿದ ಮಾತಲ್ಲ ಅದು. ವೇದಿಕೆ ಹತ್ತಿಸಿ ಹೊಗಳಿದರೆ ಕಚೇರಿಯವರಿಗೆ ತಮ್ಮ ಕೊರತೆಯನ್ನು ಎತ್ತಿ ಆಡಿದಂತೆ ಅನ್ನಿಸಬಹುದು, ಆಮೇಲೆ ಕಟ್ಟೆಯ ಮೇಲೆ ಕೂರುವುದೇ ಕಷ್ಟವಾಗಬಹುದು ಎಂಬುದು ಅವರ ಅಂಜಿಕೆ.

ನನ್ನ ಪ್ರಶ್ನೆ ಇಷ್ಟು. ತಮ್ಮ ಕೆಲಸವನ್ನು ತಾವೇ ಸಾರಿಕೊಳ್ಳುವ ಪ್ರಸಿದ್ಧರನ್ನು ಗೌರವಿಸುವುದರಲ್ಲಿ ನಿಜವಾಗಿಯೂ ತಪ್ಪಿದೆಯೇ, ಅಥವಾ ಅದು ನನ್ನ ಮನಸ್ಸಿನ ಕಿರಿಕಿರಿ ಮಾತ್ರವೇ? ಎಲೆಮರೆಯ ಕಾಯಿಯಂತೆ ಇರಲು ಬಯಸುವವರನ್ನು, ಅವರಿಗೆ ತೊಂದರೆಯಾಗದಂತೆ, ಗುರುತಿಸುವ ದಾರಿ ಯಾವುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದವನು)

ನಿಮ್ಮದು ಕಿರಿಕಿರಿಯಲ್ಲ; ಅದರ ಹಿಂದೆ ಸರಿಯಾದ ಒಂದು ವಿವೇಚನೆ ಇದೆ. 27 ವರ್ಷ ಸುದ್ದಿ ಮೇಜಿನ ಮುಂದೆ ಕುಳಿತವನಾಗಿ ಅದನ್ನು ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಪ್ರಸಿದ್ಧರ ದಾನದ ಸುದ್ದಿ ನಮ್ಮಲ್ಲಿಗೆ ಪೂರ್ತಿ ತಯಾರಾಗಿ ಬರುತ್ತಿತ್ತು. ಮೂರು ಕೋನಗಳಿಂದ ತೆಗೆದ ಚಿತ್ರ, ಚಿತ್ರದ ಅಡಿಯಲ್ಲಿ ಹಾಕಬೇಕಾದ ಸಾಲು, ಕೆಲವೊಮ್ಮೆ ತಲೆಬರಹ ಕೂಡ ಅದರಲ್ಲೇ ಇರುತ್ತಿತ್ತು. ರಾತ್ರಿ ಪುಟ ಮುಗಿಸಬೇಕಾದ ಹೊತ್ತಿನಲ್ಲಿ ಮೂಲೆಯೊಂದು ಖಾಲಿ ಉಳಿದಿದ್ದರೆ ಅಲ್ಲಿಗೆ ಹೋಗುತ್ತಿದ್ದುದು ಅದೇ. ಯಾರೂ ಲಂಚ ಕೊಟ್ಟಿರಲಿಲ್ಲ, ಯಾರೂ ಒತ್ತಡ ಹಾಕಿರಲಿಲ್ಲ. ಅದು ಕೈಗೆಟುಕುವಂತೆ ಇತ್ತು, ಅಷ್ಟೇ. ನಿಮ್ಮ ಕಟ್ಟೆಯ ಮೇಲಿನ ತಾಯಿಯಂಥವರ ಬಗ್ಗೆ ಬರೆಯಬೇಕಾದರೆ ವರದಿಗಾರರೊಬ್ಬರು ಅರ್ಧ ದಿನ ಅಲ್ಲಿ ಹೋಗಿ ಕೂರಬೇಕು. ಅಂಥ ಅರ್ಧ ದಿನಗಳನ್ನು ನಾನು ಎಷ್ಟು ಬಾರಿ ಕೊಟ್ಟೆನೆಂದು ಲೆಕ್ಕ ಹಾಕಿದರೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಒಳ್ಳೆಯ ಕೆಲಸವಿದ್ದರೆ ತಾನಾಗಿಯೇ ಬೆಳಕಿಗೆ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಾನಾಗಿಯೇ ಬರುವುದಿಲ್ಲ. ಯಾರಾದರೂ ನಡೆದು ಹೋಗಿ, ನೋಡಿ, ಬರೆದಾಗ ಬರುತ್ತದೆ.

ಆದ್ದರಿಂದ ನಾನು ಕೇಳಿಕೊಳ್ಳುವ ಪ್ರಶ್ನೆ, ಕೆಲಸವನ್ನು ಕಂಡು ಹೇಳುತ್ತಿರುವವರು ಯಾರು ಎಂಬುದು. ಮಾಡಿದವರೇ ಹೇಳಿದರೆ ಅದು ಜಾಹೀರಾತು. ಕಂಡವರು ಹೇಳಿದರೆ ಅದು ಸಾಕ್ಷ್ಯ. ನೊಬೆಲ್ ಬಹುಮಾನದ ನಿಯಮದಲ್ಲಿ ತಮ್ಮ ಹೆಸರನ್ನು ತಾವೇ ಸೂಚಿಸಿಕೊಂಡರೆ ಅದನ್ನು ಪರಿಗಣಿಸುವುದಿಲ್ಲ. ಯಾರು ಯಾರನ್ನು ಸೂಚಿಸಿದರು ಎಂಬ ದಾಖಲೆಯನ್ನೂ 50 ವರ್ಷ ಗುಟ್ಟಾಗಿ ಇಡುತ್ತಾರೆ. 1954ರಲ್ಲಿ ಆರಂಭವಾದ ಪದ್ಮ ಪ್ರಶಸ್ತಿಗಳಿಗೆ ಈಗ ಯಾವ ನಾಗರಿಕರು ಬೇಕಾದರೂ ಅಂತರ್ಜಾಲದಲ್ಲಿ ಹೆಸರು ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದರೆ ಆ ಅವಕಾಶವನ್ನು ಬಳಸಿಕೊಳ್ಳುವವರು ಯಾರು? ತನ್ನನ್ನು ಬಣ್ಣಿಸಿಕೊಳ್ಳುವ ಅಭ್ಯಾಸವಿದ್ದವರು. ದಿನವಿಡೀ ಇನ್ನೊಬ್ಬರ ಅರ್ಜಿ ಬರೆಯುವವರು ತಮಗಾಗಿ ಒಂದು ಅರ್ಜಿ ಬರೆದುಕೊಳ್ಳುವುದಿಲ್ಲ. ಆ ನಾಮನಿರ್ದೇಶನಕ್ಕೆ 800 ಪದಗಳನ್ನು ಮೀರದ ವಿವರಣೆ ಬೇಕು. ಆ ವಿವರಣೆಯನ್ನು ಬರೆಯಲು ಕೂತ ಯಾರೋ ಇದ್ದರೆ ಮಾತ್ರ ಹಾದಿ ತೆರೆಯುತ್ತದೆ. 2020ರ ಪದ್ಮಶ್ರೀ ಪಟ್ಟಿಯಲ್ಲಿ, ಕಿತ್ತಳೆ ಮಾರಿ ಉಳಿಸಿದ ಹಣದಿಂದ ಶಾಲೆಯ ಕೆಲಸ ಆರಂಭಿಸಿದ ಹರೇಕಳ ಹಾಜಬ್ಬ ಅವರ ಹೆಸರೂ, ಸಸಿಗಳನ್ನು ಬೆಳೆಸುವುದರಲ್ಲೇ ಬದುಕು ಕಳೆದ ತುಳಸಿ ಗೌಡ ಅವರ ಹೆಸರೂ ಇದ್ದವು. ಅವರಿಂದ ಪ್ರಶಸ್ತಿಯ ತೂಕವೇ ಹೆಚ್ಚಿತು ಎಂದು ಆಗ ನಮಗೆಲ್ಲ ಅನ್ನಿಸಿದ್ದು ಸುಳ್ಳಲ್ಲ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕ್ ಎಂಬ ಸಣ್ಣ ಉದ್ಯಾನದಲ್ಲಿ ಮಾಡು ಹೊದಿಸಿದ ಒಂದು ಗೋಡೆ ಇದೆ. ಇತರರ ಜೀವ ಉಳಿಸಲು ಹೋಗಿ ತಮ್ಮ ಜೀವ ಕಳೆದುಕೊಂಡ ಸಾಮಾನ್ಯರ ನೆನಪಿಗೆ ಅಲ್ಲಿ ಹೊಳಪಿನ ಹೆಂಚುಗಳ ಫಲಕಗಳನ್ನು ಹಾಕಿದ್ದಾರೆ. ಇದರ ಹಿಂದಿದ್ದವರು ಜಾರ್ಜ್ ಫ್ರೆಡರಿಕ್ ವಾಟ್ಸ್, ತಮ್ಮ ಕಾಲದ ಬಹು ಹೆಸರಾಂತ ಚಿತ್ರಕಾರ. ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು 50 ವರ್ಷವಾದ ಸಂಭ್ರಮ 1887ರಲ್ಲಿ ನಡೆಯುತ್ತಿದ್ದಾಗ, ಆ ನೆಪದಲ್ಲಿ ದಿನನಿತ್ಯದ ಬದುಕಿನ ವೀರರಿಗೆ ಒಂದು ಸ್ಮಾರಕವಾಗಲಿ ಎಂದು ಅವರು ಪತ್ರಿಕೆಗೆ ಪತ್ರ ಬರೆದರು. ಹಲವು ವರ್ಷ ಯಾರೂ ಕಿವಿಗೊಡಲಿಲ್ಲ. 1900ರಲ್ಲಿ ಗೋಡೆ ತೆರೆದಾಗ ಅಲ್ಲಿದ್ದುದು ನಾಲ್ಕೇ ಫಲಕ. 120 ಫಲಕಗಳಿಗೆ ಜಾಗವಿದ್ದರೂ ಅರ್ಧದಷ್ಟೂ ತುಂಬಲಿಲ್ಲ. ಏಳೆಂಟು ದಶಕ ಹೊಸದೊಂದೂ ಬಾರದೆ, 2009ರಲ್ಲಿ ಮತ್ತೊಂದು ಸೇರಿತು.

ಅಲ್ಲಿರುವ ಒಂದು ಹೆಸರು ಆಲಿಸ್ ಏಯರ್ಸ್. ಕೂಲಿಯೊಬ್ಬನ ಮಗಳು, ಅಕ್ಕನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಇದ್ದವಳು. 1885ರ ಏಪ್ರಿಲ್‌ನಲ್ಲಿ ರಾತ್ರಿ ಮನೆಗೆ ಬೆಂಕಿ ಬಿತ್ತು. ಕೆಳಗೆ ನೆರೆದಿದ್ದವರು ಹಾರು ಎಂದು ಕೂಗುತ್ತಿದ್ದರೂ ಆಕೆ ಕಿಟಕಿಯಿಂದ ಮೊದಲು ಹಾಸಿಗೆಯನ್ನು ಕೆಳಗೆ ನೂಕಿ, ಒಳಗೆ ಹೋಗಿ ಒಂದೊಂದೇ ಮಗುವನ್ನು ತಂದು ಅದರ ಮೇಲೆ ಬೀಳುವಂತೆ ಇಳಿಬಿಟ್ಟಳು. ಮೂರು ಮಕ್ಕಳಾದ ಮೇಲೆ ತಾನು ಹಾರುವಾಗ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಬಿದ್ದ ಪೆಟ್ಟಿಗೆ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಫಲಕದಲ್ಲಿ ಹೊಗಳಿಕೆ ಬಹಳ ಕಡಿಮೆ. ಯಾರ ಮಗಳು, ಯಾವ ಬೀದಿ, ಎಷ್ಟು ಮಕ್ಕಳು, ಯಾವ ದಿನ: ಇವಿಷ್ಟೇ ಹೆಚ್ಚುಕಡಿಮೆ. ಒಳ್ಳೆಯ ಸನ್ಮಾನಪತ್ರ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಆ ಒಂದು ವಾಕ್ಯವನ್ನೇ ತೋರಿಸುತ್ತೇನೆ. ವಾಟ್ಸ್ ತಮ್ಮ ಪ್ರಸಿದ್ಧಿಯನ್ನು ಬಳಸಿದ್ದು ಹೀಗೆ. ನಿಮ್ಮ ನಟರ ಕಚೇರಿಯವರು ಕೇಳುತ್ತಿರುವುದು ಇದಕ್ಕೆ ತೀರ ತಿರುಗುಮುರುಗು.

ನಿಮ್ಮ ಸಂಘ ಯಾರನ್ನೇ ಆರಿಸಲಿ, ಸನ್ಮಾನಪತ್ರದಲ್ಲಿ ಗುಣವಾಚಕಗಳನ್ನು ತೆಗೆದು ಕ್ರಿಯಾಪದಗಳನ್ನು ಇಡಿ. 'ಸಮಾಜಮುಖಿ', 'ಸರಳ ಸಜ್ಜನ', 'ಸೇವಾರತ್ನ' ಎಂಬ ಮಾತುಗಳು ಯಾರ ಮೇಲಾದರೂ ಕೂರುತ್ತವೆ. 'ಸ್ವೀಕೃತಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಕೈಗಿಡುತ್ತಾರೆ' ಎಂಬುದು ಒಬ್ಬರಿಗೆ ಮಾತ್ರ ಸಲ್ಲುತ್ತದೆ.

ಉತ್ತರ 2 (ಆರೋಗ್ಯ ಪ್ರಚಾರ ಕೆಲಸದಲ್ಲಿರುವವಳು)

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಆದರೂ ಪ್ರಸಿದ್ಧರನ್ನು ಇಷ್ಟು ಬೇಗ ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. ಜನ ಮುಟ್ಟಲು, ಮಾತಾಡಲು, ನೋಡಲು ಹೆದರುವ ವಿಷಯಗಳಲ್ಲಿ ಒಂದು ಪರಿಚಿತ ಮುಖ ಮಾಡುವ ಕೆಲಸವನ್ನು ನಮ್ಮ ನೂರು ಕರಪತ್ರ ಮಾಡಲಾರದು.

1987ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳ ವಾರ್ಡ್ ಉದ್ಘಾಟನೆಗೆ ಬಂದ ರಾಜಕುಮಾರಿ ಡಯಾನಾ ಕೈಗವಸು ಇಲ್ಲದೆ ರೋಗಿಯೊಬ್ಬರ ಕೈ ಕುಲುಕಿದರು. ಮುಟ್ಟಿದರೆ ರೋಗ ಅಂಟುತ್ತದೆ ಎಂದು ಜನ ದೃಢವಾಗಿ ನಂಬಿದ್ದ ಕಾಲ ಅದು. ಕ್ಯಾಮೆರಾಗಳು ಅಲ್ಲಿದ್ದವು, ಇರಲೆಂದೇ ಇದ್ದವು. ಅವಿಲ್ಲದಿದ್ದರೆ ಆ ಕೈಕುಲುಕಿನಿಂದ ಆಗಬೇಕಾದ ಕೆಲಸ ಆಗುತ್ತಿರಲಿಲ್ಲ. ಆ ಚಿತ್ರದಲ್ಲಿ ರೋಗಿಯ ಮುಖ ಕಾಣುವುದಿಲ್ಲ. ಗುರುತು ಸಿಕ್ಕರೆ ಬದುಕುವುದು ಕಷ್ಟ ಎಂಬ ಕಾರಣಕ್ಕೆ ಹಿಂದಿನಿಂದ ಮಾತ್ರ ಚಿತ್ರ ತೆಗೆಯಲು ಆ ರೋಗಿ ಒಪ್ಪಿದ್ದರು, ಚಿತ್ರ ತೆಗೆದವರು ಆ ಮಾತನ್ನು ಉಳಿಸಿಕೊಂಡರು. ನೆರವು ಪಡೆಯುವವರ ಕೈಯಲ್ಲಿ ಪೊಟ್ಟಣ ಹಿಡಿಸಿ, ತಲೆ ಎತ್ತಿ ನೋಡಿ ಎಂದು ಎರಡೆರಡು ಬಾರಿ ನಿಲ್ಲಿಸಿ ಚಿತ್ರ ತೆಗೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಒಂದು ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ತನ್ನ ಸರದಿ ಬರುತ್ತಿದ್ದಂತೆ ಪೊಟ್ಟಣವೇ ಬೇಡವೆಂದು ಸಾಲು ಬಿಟ್ಟು ಹೋದಳು. ಹಾಗಾಗಿ ನನ್ನ ಅಳತೆಗೋಲು ಬೇರೆ. ಚಿತ್ರದಲ್ಲಿ ಯಾರ ಮುಖ ಇರಬೇಕು, ಯಾರದು ಇರಬಾರದು ಎಂದು ತೀರ್ಮಾನಿಸಿದವರು ಯಾರು, ಆ ತೀರ್ಮಾನದಿಂದ ಯಾರಿಗೆ ಪ್ರಯೋಜನ ಎಂದು ನೋಡುತ್ತೇನೆ.

ಆದರೂ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ಅಮೆರಿಕದಲ್ಲಿ ಪೋಲಿಯೊ ಲಸಿಕೆಗೆ 1955ರಲ್ಲಿ ಅನುಮತಿ ಸಿಕ್ಕಿದರೂ ಹದಿಹರೆಯದವರು ಅದನ್ನು ಹಾಕಿಸಿಕೊಳ್ಳಲು ಮುಂದೆ ಬರುತ್ತಿರಲಿಲ್ಲ. 1956ರ ಅಕ್ಟೋಬರ್‌ನಲ್ಲಿ ಗಾಯಕ ಎಲ್ವಿಸ್ ಪ್ರೀಸ್ಲಿ ಕ್ಯಾಮೆರಾಗಳ ಮುಂದೆ ತೋಳು ಒಡ್ಡಿ ಲಸಿಕೆ ಹಾಕಿಸಿಕೊಂಡರು. ಆ ಚಿತ್ರವನ್ನು ನಮ್ಮ ತರಬೇತಿಗಳಲ್ಲಿ ಇವತ್ತಿಗೂ ತೋರಿಸುತ್ತೇವೆ. ಆದರೆ ಅದೇ ಕಾಲದಲ್ಲಿ ಆ ದೇಶದ ಹುಡುಗ ಹುಡುಗಿಯರು ತಾವೇ ಗುಂಪು ಕಟ್ಟಿಕೊಂಡು, ಓರಗೆಯವರ ಮನವೊಲಿಸಿ, ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶ ಎಂಬ ನೃತ್ಯಕೂಟಗಳನ್ನೂ ನಡೆಸಿದ್ದರು. ಗಾಯಕರದು ಒಂದು ದಿನದ ಚಿತ್ರ, ಹುಡುಗರದು ತಿಂಗಳುಗಟ್ಟಲೆಯ ಓಡಾಟ. ನಾವು ತರಬೇತಿಯಲ್ಲಿ ತೋರಿಸುವುದು ಮೊದಲನೆಯದನ್ನು ಮಾತ್ರ. ಈ ಉತ್ತರ ಬರೆಯುತ್ತಿರುವಾಗಲೇ ನನಗೆ ಅದು ಹೊಳೆಯಿತು. ಮುಂದಿನ ಬಾರಿ ಎರಡನ್ನೂ ಹೇಳುತ್ತೇನೆ.

ನಟರನ್ನು ಕರೆಯುವುದಾದರೆ ಕರೆಯಿರಿ, ಆದರೆ ಸನ್ಮಾನಕ್ಕಲ್ಲ, ಕೆಲಸಕ್ಕೆ. ಒಂದು ಗಂಟೆ ಕಟ್ಟೆಯ ಮೇಲೆ ಕುಳಿತು ನಾಲ್ಕು ಅರ್ಜಿ ಬರೆದುಕೊಡಿ ಎಂದು ಅವರ ಕಚೇರಿಗೆ ಬರೆದು ನೋಡಿ. ಒಪ್ಪಿದರೆ ಅವರ ಬಗ್ಗೆ ನಮಗಿರುವ ಅಭಿಪ್ರಾಯವೇ ಬದಲಾಗಬಹುದು.

ಉತ್ತರ 3 (ಪ್ರಶಸ್ತಿ ಪಡೆದವರ ಮಗಳು)

ಸನ್ಮಾನ ಆದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಇಲ್ಲಿ ಯಾರೂ ಹೇಳಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನನ್ನ ತಂದೆಯವರು ವಾಹನ ಚಾಲಕರಾಗಿದ್ದರು. ನಮ್ಮ ಮನೆ ಹೆದ್ದಾರಿಯ ತಿರುವಿನ ಪಕ್ಕದಲ್ಲೇ ಇದ್ದುದರಿಂದ ರಾತ್ರಿ ಅಪಘಾತವಾದಾಗಲೆಲ್ಲ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಅವರಿಗೆ ರೂಢಿಯಾಗಿಹೋಗಿತ್ತು. ಅವರೊಬ್ಬರೇ ಅಲ್ಲ. ಎದುರು ಮನೆಯವರು ಟಾರ್ಚ್ ಹಿಡಿದು ಬರುತ್ತಿದ್ದರು, ಅವರ ತಮ್ಮ ಹಿಂದಿನ ಸೀಟಿನಲ್ಲಿ ಕುಳಿತು ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿಯುತ್ತಿದ್ದರು, ನನ್ನ ತಾಯಿ ಗಾಯಾಳುಗಳ ಫೋನಿನಲ್ಲಿ ಕೊನೆಯದಾಗಿ ಕರೆ ಮಾಡಿದ ಸಂಖ್ಯೆಯನ್ನು ಹುಡುಕಿ ಮನೆಯವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಆ ಕರೆ ಮಾಡುವಾಗ ಅಮ್ಮ ಯಾವಾಗಲೂ ನಿಂತೇ ಮಾತಾಡುತ್ತಿದ್ದರು. ಕುಳಿತರೆ ಸ್ವರ ನಡುಗುತ್ತದೆ ಎನ್ನುತ್ತಿದ್ದರು.

ಒಂದು ಸಂಸ್ಥೆಯವರು ತಂದೆಯವರಿಗೆ ಪ್ರಶಸ್ತಿ ಕೊಟ್ಟರು. ನಮಗೆಲ್ಲ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ವರ್ಷ ಇನ್ನೂ ಹನ್ನೊಂದು ಕಡೆ ಕರೆದು ಸನ್ಮಾನಿಸಿದರು. ಆದರೆ ಎಲ್ಲ ಕಡೆಯೂ ಒಬ್ಬರದೇ ಹೆಸರು. ಎದುರು ಮನೆಯವರು ಒಂದು ಮಾತೂ ಆಡಲಿಲ್ಲ. ಮುಂದಿನ ಅಪಘಾತದ ರಾತ್ರಿ ಅವರ ಮನೆಯ ದೀಪ ಹೊತ್ತಿತು, ಆದರೆ ಬಾಗಿಲು ತೆರೆಯಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅದು ಎಲ್ಲರ ಕೆಲಸವಾಗಿತ್ತು, ಪ್ರಶಸ್ತಿ ಅದನ್ನು ನನ್ನ ತಂದೆಯವರೊಬ್ಬರ ಕೆಲಸವನ್ನಾಗಿ ಮಾಡಿತು. ದೂರದ ಊರುಗಳಿಂದಲೂ ಅವರಿಗೇ ಫೋನ್ ಬರತೊಡಗಿತು. ಬರಲಾಗದು ಎಂದಾಗ, ಪ್ರಶಸ್ತಿ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿದವರೂ ಇದ್ದರು. ತಂದೆಯವರು ಕೊನೆಯವರೆಗೂ ಆ ಮಾತನ್ನು ನೆನೆಸಿಕೊಳ್ಳುತ್ತಿದ್ದರು.

ಅಮೆರಿಕದ ಟೈಮ್ ಪತ್ರಿಕೆ 2014ರಲ್ಲಿ ವರ್ಷದ ವ್ಯಕ್ತಿ ಎಂದು ಆರಿಸಿದ್ದು ಒಬ್ಬರನ್ನಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದ್ದಾಗ ಅದರ ವಿರುದ್ಧ ದುಡಿದ ವೈದ್ಯರು, ದಾದಿಯರು, ಆಂಬುಲೆನ್ಸ್‌ನವರು ಮೊದಲಾದವರನ್ನೆಲ್ಲ ಒಟ್ಟಾಗಿ. ಅದನ್ನು ಓದಿದಾಗ ನಮ್ಮ ತಂದೆಯವರಿಗೂ ಹೀಗೆ ಆಗಿದ್ದರೆ ಎಂದು ಅನ್ನಿಸಿತು. ಅವರು ಬದುಕಿದ್ದಾಗ ತಮ್ಮ ಭಾಷಣಗಳಲ್ಲಿ ಎದುರು ಮನೆಯವರ ಹೆಸರು ಹೇಳಿಯೇ ಹೇಳುತ್ತಿದ್ದರು. ಅಚ್ಚಾದ ವರದಿಗಳಲ್ಲಿ ಮಾತ್ರ ಆ ಸಾಲು ಒಮ್ಮೆಯೂ ಬರಲಿಲ್ಲ.

ನಿಮ್ಮ ಗುಮಾಸ್ತೆಯವರು ಬೇಡ ಎಂದರೆ ಆ ಮಾತನ್ನು ವಿನಯವೆಂದು ಭಾವಿಸಿ ಒತ್ತಾಯ ಮಾಡಬೇಡಿ. ಅವರಿಗೆ ತಮ್ಮ ಕೆಲಸದ ಒಳಹೊರಗು ನಿಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ನೆರವಾಗುವವರು ಯಾರಾರು ಎಂದು ಮೊದಲು ಕೇಳಿ.

ಉತ್ತರ 4 (ಲೆಕ್ಕಪರಿಶೋಧಕ)

ಎರಡು ಮಾತು ಸೇರಿಸುತ್ತೇನೆ.

ಅಮೆರಿಕದ ಹಾರ್ವಿಕ್ ಗಣಿಯಲ್ಲಿ 1904ರ ಜನವರಿಯಲ್ಲಿ ನಡೆದ ಸ್ಫೋಟದಲ್ಲಿ 179 ಮಂದಿ ಸತ್ತರು. ಒಳಗಿದ್ದವರನ್ನು ಕಾಪಾಡಲು ಇಳಿದ ಇಬ್ಬರೂ ಸತ್ತರು. ಆ ಇಬ್ಬರ ತ್ಯಾಗದಿಂದ ಮನಸ್ಸು ಕಲಕಿದ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಅದೇ ವರ್ಷ ಒಂದು ನಿಧಿ ಸ್ಥಾಪಿಸಿದರು, ಅದು ಇಂದಿಗೂ ನಡೆಯುತ್ತಿದೆ. ಇತರರ ಪ್ರಾಣ ಉಳಿಸಲು ತಮ್ಮ ಪ್ರಾಣವನ್ನು ಅಪಾಯಕ್ಕೊಡ್ಡಿದ ಸಾಮಾನ್ಯರಿಗೆ ಪದಕದ ಜೊತೆಗೆ ಹಣವನ್ನೂ ಕೊಡುತ್ತದೆ. ಅವರು ಸತ್ತಿದ್ದರೆ ಅವರನ್ನೇ ನಂಬಿದವರಿಗೆ ನೆರವಾಗುತ್ತದೆ. ಅದಕ್ಕೂ ಮೊದಲು ಘಟನೆಯನ್ನು ವಿಚಾರಣೆ ಮಾಡಿ ಖಚಿತಪಡಿಸಿಕೊಳ್ಳುತ್ತದೆ. ನನಗೆ ಈ ಎರಡೂ ಮುಖ್ಯವೆನ್ನಿಸುತ್ತವೆ. ಒಂದು ಸಮಾರಂಭಕ್ಕೆ ತಗಲುವ ಖರ್ಚಿನ ಪಟ್ಟಿಯನ್ನು ಬರೆದು, ಅದರ ಪಕ್ಕದಲ್ಲಿ ಸನ್ಮಾನಿತರ ಕೆಲಸಕ್ಕೆ ವರ್ಷಕ್ಕೆ ತಗಲುವ ಖರ್ಚನ್ನು ಬರೆದು ನೋಡಿ. ಹಲವು ಸಂಘಗಳ ಲೆಕ್ಕ ನೋಡಿದವನಾಗಿ ಹೇಳುತ್ತೇನೆ, ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿರುವುದನ್ನು ಬಹಳ ಸಲ ಕಂಡಿದ್ದೇನೆ.

ಎರಡನೆಯ ಮಾತು. ದೊಡ್ಡ ಪ್ರಶಸ್ತಿಗಳ ಬಲೆಯ ಕಣ್ಣುಗಳಿಂದ ಅನೇಕರು ಜಾರಿಹೋಗುತ್ತಾರೆ. ಪದ್ಮ ಪ್ರಶಸ್ತಿಯ ನಿಯಮದಂತೆ, ವೈದ್ಯರು ಮತ್ತು ವಿಜ್ಞಾನಿಗಳನ್ನು ಬಿಟ್ಟರೆ ಸೇವೆಯಲ್ಲಿರುವ ಸರ್ಕಾರಿ ನೌಕರರು ಅದಕ್ಕೆ ಅರ್ಹರಲ್ಲ. ಕರ್ತವ್ಯದ ಹೊತ್ತನ್ನು ಮೀರಿ ದುಡಿಯುವ ದಾದಿ, ಶಾಲೆ ಬಿಟ್ಟ ಮಕ್ಕಳ ಮನೆ ಬಾಗಿಲಿಗೆ ಹೋಗುವ ಮೇಷ್ಟ್ರು, ಇವರೆಲ್ಲ ನಿವೃತ್ತಿಯಾಗುವವರೆಗೆ ಆ ಪಟ್ಟಿಯ ಹೊರಗೇ. ಆ ನಿಯಮಕ್ಕೆ ಅದರದೇ ಕಾರಣಗಳಿರಬಹುದು. ಆದರೆ ನಿಮ್ಮಂಥ ಸಣ್ಣ ಸಂಘಗಳಿಗೆ ಅಂಥ ಕಟ್ಟುಪಾಡು ಇಲ್ಲ. ದೊಡ್ಡವರು ಹೇಗೂ ಕಾಣುವವರನ್ನೇ ನೀವೂ ಕಂಡರೆ, ನೀವು ಮಾತ್ರ ಕಾಣಬಲ್ಲವರನ್ನು ಕಾಣುವವರು ಯಾರು?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಅಚ್ಚು ಮಾಡಿ ಸಮಿತಿಯ ಸಭೆಯಲ್ಲಿ ಓದಿದೆ. ಮೂರನೆಯ ಉತ್ತರ ಓದಿ ಮುಗಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಟರ ಕಚೇರಿಗೆ ಎರಡನೆಯ ಉತ್ತರದಲ್ಲಿ ಸೂಚಿಸಿದಂತೆ ಬರೆದೆವು. ದಿನಾಂಕ ಹೊಂದಿಸಿಕೊಳ್ಳಲಾಗದು ಎಂಬ ಉತ್ತರ ಬಂತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರಿಗೂ ಅವರ ಕೆಲಸಗಳಿರುತ್ತವೆ. ಸಮಾರಂಭವನ್ನು ಚಿಕ್ಕದು ಮಾಡಿದ್ದೇವೆ. ಉಳಿಯುವ ಹಣದಲ್ಲಿ ಅರ್ಜಿ ನಮೂನೆ, ಕಾಗದ, ನಕಲು ಪ್ರತಿಗಳ ಒಂದು ವರ್ಷದ ಖರ್ಚನ್ನು ಸಂಘವೇ ವಹಿಸಿಕೊಳ್ಳುತ್ತದೆ. ಇಷ್ಟು ವರ್ಷ ಇದನ್ನು ಆ ತಾಯಿ ತಮ್ಮ ಪಿಂಚಣಿಯಿಂದ ಕೊಡುತ್ತಿದ್ದರು ಎಂಬುದು ನಮಗೆ ಈಗ ಗೊತ್ತಾಯಿತು. 19 ವರ್ಷದಲ್ಲಿ ನಾವು ಯಾರೂ ಕೇಳಿರಲಿಲ್ಲ.

ವೇದಿಕೆಗೆ ಅವರು ಬರುವುದಿಲ್ಲ. ಆದರೆ ವಾರಕ್ಕೆ ಎರಡು ದಿನ ನಾಲ್ವರು ಯುವಕ ಯುವತಿಯರಿಗೆ ಅರ್ಜಿ ಬರೆಯುವುದನ್ನು ಕಲಿಸಲು ಒಪ್ಪಿದ್ದಾರೆ. ವಾರ್ಷಿಕ ವರದಿಯಲ್ಲಿ ಅವರ ಕೆಲಸದ ಬಗ್ಗೆ ಅರ್ಧ ಪುಟ ಬರೆಯುತ್ತೇವೆ, ಕಚೇರಿಯ ಮೇಲೆ ದೂರು ಎನ್ನಿಸುವ ಒಂದು ಪದವೂ ಅದರಲ್ಲಿರುವುದಿಲ್ಲ, ಅಚ್ಚಿಗೆ ಹೋಗುವ ಮೊದಲು ತೋರಿಸುತ್ತೇವೆ ಎಂದಾಗ ಅದಕ್ಕೂ ಒಪ್ಪಿದರು. ಮೊದಲನೆಯ ಉತ್ತರದ ಸಲಹೆಯಂತೆ ಗುಣವಾಚಕಗಳನ್ನೆಲ್ಲ ತೆಗೆದಿದ್ದೇನೆಂದು ನಾನು ಅಂದುಕೊಂಡಿದ್ದೆ. ಕರಡು ಪ್ರತಿ ನಿನ್ನೆ ಎರಡು ತಿದ್ದುಪಡಿಗಳೊಂದಿಗೆ ಹಿಂತಿರುಗಿ ಬಂತು. ನಾನು ಗಮನಿಸದೆ ಉಳಿಸಿದ್ದ 'ನಿಸ್ವಾರ್ಥ' ಎಂಬ ಪದದ ಮೇಲೆ ಅವರು ಗೆರೆ ಎಳೆದಿದ್ದರು. ಅಂಚಿನಲ್ಲಿ, ಅದೇ ದಪ್ಪ ಅಕ್ಷರದಲ್ಲಿ, ಯಾವ ಅರ್ಜಿ ಯಾವ ಮೇಜಿನಲ್ಲಿ ನಿಂತಿದೆ ಎಂದು ದಿನವೂ ಒಳಗಿನಿಂದ ಬಂದು ತಮಗೆ ತಿಳಿಸುವ ಜವಾನರ ಹೆಸರನ್ನು ಬರೆದು, ಇದನ್ನು ಮೊದಲು ಹಾಕಿ ಎಂದಿದ್ದರು.